ಹತ್ತೊಂಬತ್ತು ದಿನ ನೆಟ್ ಬರಲಿಲ್ಲ

ಜನ ರೌಟರ್ ಡಬ್ಬಿಯನ್ನು ಎಲ್ಲೆಲ್ಲಿ ಇಡುತ್ತಾರೆ ಅಂತ ಬರೆಯಲು ಕೂತರೆ ಒಂದು ಪುಸ್ತಕವೇ ಆದೀತು. ಕಬ್ಬಿಣದ ಬೀರುವಿನೊಳಗೆ ಇಟ್ಟು ಬಾಗಿಲು ಹಾಕುತ್ತಾರೆ, ಆಮೇಲೆ ಸಿಗ್ನಲ್ ಬರುವುದಿಲ್ಲ ಅಂತ ನನ್ನ ಮೇಲೆ ರೇಗುತ್ತಾರೆ. ಮೀನಿನ ತೊಟ್ಟಿಯ ಹಿಂದೆ ಇಡುತ್ತಾರೆ. ಧೂಳು ಕೂರಬಾರದು ಅಂತ ದಪ್ಪ ಬಟ್ಟೆ ಹೊದಿಸಿ, ಡಬ್ಬಿ ಕಾದು ಕಾದು ಸತ್ತ ಮೇಲೆ ನನಗೆ ಫೋನ್ ಮಾಡುತ್ತಾರೆ. ಹದಿಮೂರು ವರ್ಷದಿಂದ ಮನೆಮನೆ ತಿರುಗಿ ಕಂಪ್ಯೂಟರಿಗೆ ನೆಟ್ ಬರುವ ಹಾಗೆ ಮಾಡುವುದೇ ನನ್ನ ಕಸುಬು. ನನ್ನ ಹೆಸರು ಯಾರಿಗೂ ಬೇಕಿಲ್ಲ. "ನೆಟ್ಟಿನವನು ಬಂದ" ಅಂದರೆ ಸಾಕು, ಬಾಗಿಲು ತೆಗೆಯುತ್ತಾರೆ.

ಈ ಕಸುಬಿನಲ್ಲಿ ಕೈ ಚುರುಕಿದ್ದರೆ ಸಾಲದು, ಬಾಯಿಗೆ ಬೀಗವೂ ಇರಬೇಕು. ಕಂಪ್ಯೂಟರಿನೊಳಗೆ ಕೈ ಹಾಕಿದವನಿಗೆ ಮನೆಯೊಳಗಿನದೂ ಕಾಣುತ್ತದೆ. ಯಾವ ಗಂಡ ಯಾರಿಗೆ ಏನು ಬರೆದಿದ್ದಾನೆ, ಯಾವ ಸೊಸೆ ಅತ್ತೆಯ ಬಗ್ಗೆ ತಂಗಿಗೆ ಏನು ಹೇಳಿದ್ದಾಳೆ, ಎಲ್ಲ. ನಾನು ನೋಡಿದರೂ ನೋಡದವನ ಹಾಗೆ ಇದ್ದುಬಿಡುತ್ತೇನೆ. ಕರೆದವರು ಏನು ಹೇಳುತ್ತಾರೋ ಅದಷ್ಟು ಮಾಡಿ, ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿ ಎದ್ದು ಬರುತ್ತೇನೆ. ಊರ ಉಸಾಬರಿ ನನಗೇಕೆ ಅಂತ. ಇದನ್ನೊಂದು ದೊಡ್ಡ ಗುಣ ಅಂದುಕೊಂಡಿದ್ದೆ. ನನ್ನ ಮುಖಕ್ಕಿಷ್ಟು.

ಆವತ್ತು ಬೆಳಿಗ್ಗೆ ಹತ್ತೂವರೆಗೆ ಯಾರೋ ಹೆಂಗಸು ಫೋನ್ ಮಾಡಿದಳು.

"ನಮ್ಮ ಎದುರು ಮನೆಯವರಿಗೆ ನೆಟ್ ಬರ್ತಿಲ್ಲ. ಅವರಿಗೆ ಕಿವಿ ಕೇಳಲ್ಲ, ಅದಕ್ಕೆ ನಾನು ಮಾಡ್ತಿದ್ದೀನಿ. ಡಬ್ಬಿ ಮೇಲೆ ನಿಮ್ಮ ನಂಬರಿನ ಚೀಟಿ ಇದೆ. ಈಗಲೇ ಬರ್ತೀರಾ?"

"ಮಧ್ಯಾಹ್ನ ಬಂದ್ರೆ ಆಗಲ್ವಾ?"

"ಪಾಪ, ಹತ್ತೊಂಬತ್ತು ದಿನ ಆಯ್ತಂತೆ. ಬೆಳಿಗ್ಗೆಯಿಂದ ನನ್ನ ಬಾಗಿಲಲ್ಲೇ ನಿಂತಿದ್ದಾರೆ."

ವಿಳಾಸ ಹೇಳಿದಳು. ಹಸಿರು ಗೇಟು, ಮೊದಲ ಮಹಡಿ, ಎಡಗಡೆಯ ಬಾಗಿಲು. ಕೇಳುತ್ತಿದ್ದ ಹಾಗೇ ನನಗೆ ಆ ಮನೆ ನೆನಪಾಯಿತು. ಅಲ್ಲಿ ನೆಟ್ ಯಾಕೆ ಬರುತ್ತಿಲ್ಲ ಅನ್ನುವುದೂ ನನಗೆ ಗೊತ್ತಿತ್ತು. ನಿಲ್ಲಿಸಿದವನೇ ನಾನು.

ಹತ್ತೊಂಬತ್ತು ದಿನದ ಹಿಂದೆ ಆ ಮನೆಯ ಮಗ ನನ್ನನ್ನು ಕರೆಸಿದ್ದ. ಇಪ್ಪತ್ತೈದರ ಹುಡುಗ, ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕುವ ಕೆಲಸ, ಮೆಲುಮಾತು. ತಾಯಿ ಮನೆಯಲ್ಲಿರಲಿಲ್ಲ. ಕಂಪ್ಯೂಟರನ್ನು ತೋರಿಸಿ ಹೇಳಿದ್ದ: "ಇದು ಅಮ್ಮಂದು, ಸರ್. ಅವಳಿಗೆ ಕಿವಿ ಕೇಳಲ್ಲ, ಫೋನಿನ ಸಣ್ಣ ಅಕ್ಷರ ಓದೋಕೂ ಆಗಲ್ಲ. ದಿನವಿಡೀ ಇದರ ಮುಂದೇನೇ ಕೂತಿರ್ತಾಳೆ. ಯಾರೋ ಮೋಸಗಾರರು ಗಂಟು ಬಿದ್ದಿದ್ದಾರೆ. ಕಾಯಿಲೆ ಅಂತ ಅಳ್ತಾರೆ, ಇವಳು ಕರಗಿ ನೀರಾಗ್ತಾಳೆ. ಹೀಗೇ ಬಿಟ್ರೆ ತನ್ನನ್ನೇ ಕೊಟ್ಟುಬಿಡ್ತಾಳೆ. ಅವಳಿಗೆ ಗೊತ್ತಾಗದ ಹಾಗೆ ನಿಲ್ಲಿಸಿಬಿಡಿ."

ಇಂಥ ಮೋಸಗಳನ್ನು ನಾನು ಬೇಕಾದಷ್ಟು ಕಂಡಿದ್ದೆ. ಹುಡುಗನ ಮೇಲೆ ಮರುಕ ಬಂತು. ಪಾಸ್‌ವರ್ಡ್ ಬದಲಾಯಿಸಿದರೆ ತಾಯಿಗೆ ತಿಳಿದುಬಿಡುತ್ತದೆ. ನಾನು ಅಂಥ ದಡ್ಡ ಕೆಲಸ ಮಾಡಲಿಲ್ಲ. ಪ್ರತಿ ಕಂಪ್ಯೂಟರಿಗೂ ಅದರದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ರೌಟರಿನ ಒಳಪುಟಕ್ಕೆ ಹೋಗಿ, ತಡೆಯಬೇಕಾದವರ ಪಟ್ಟಿಗೆ ಆ ಸಂಖ್ಯೆ ಸೇರಿಸಿದೆ. ಇನ್ನು ಆ ಕಂಪ್ಯೂಟರಿನಲ್ಲಿ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿ ಕಾಣುತ್ತವೆ, ಆದರೆ ಒಂದು ಅಕ್ಷರ ಆಚೆ ಹೋಗುವುದಿಲ್ಲ, ಒಂದು ಅಕ್ಷರ ಒಳಗೆ ಬರುವುದಿಲ್ಲ. ನೋಡಿದವರು ಲೈನಿನ ದೋಷ ಅಂದುಕೊಳ್ಳಬೇಕು. ಪಟ್ಟಿ ಆ ಸಂಖ್ಯೆಗೊಂದು ಹೆಸರು ಕೇಳಿತು. "ಅಮ್ಮ" ಅಂತ ಕೊಟ್ಟೆ. ಮನೆಗೆ ಬಂದು ಹೆಂಡತಿಯ ಹತ್ತಿರ ಬೆನ್ನು ತಟ್ಟಿಸಿಕೊಂಡೆ. ಒಬ್ಬ ಮುಗ್ಧ ಹೆಂಗಸನ್ನು ಉಳಿಸಿದೆ ಅಂತ ಎರಡು ತುತ್ತು ಹೆಚ್ಚೇ ತಿಂದೆ.

ಆ ಮನೆಯ ಕರೆಗಂಟೆ ಒತ್ತಿದರೆ ಸದ್ದಾಗುವುದಿಲ್ಲ, ಒಳಗೆ ಒಂದು ಕೆಂಪು ದೀಪ ಮಿನುಗುತ್ತದೆ. ಬಾಗಿಲು ತೆಗೆದವರಿಗೆ ಐವತ್ತೆರಡು ಐವತ್ತಮೂರು ಇರಬಹುದು. ಗಟ್ಟಿಮುಟ್ಟಾದ ಮೈ, ನಿದ್ದೆಗೆಟ್ಟ ಕಣ್ಣು. ನನ್ನ ಚೀಲ ನೋಡಿ ಕೈಗೊಂದು ನೋಟುಪುಸ್ತಕ, ಪೆನ್ನು ಕೊಟ್ಟರು.

"ಹೇಳೋದಿದ್ರೆ ಇದರಲ್ಲಿ ಬರಿಯಪ್ಪ. ಗೊತ್ತಿರೋರ ಬಾಯಿ ನೋಡಿದ್ರೆ ತಿಳಿಯತ್ತೆ, ಹೊಸಬರದು ತಿಳಿಯಲ್ಲ. ಕೇಳ್ತಾ ಇದ್ದ ಕಿವೀನೇ, ಹತ್ತು ವರ್ಷದ ಹಿಂದೆ ಒಂದು ಜ್ವರದಲ್ಲಿ ಹೋಯ್ತು."

ತಮ್ಮ ದನಿ ತಮಗೆ ಕೇಳದ ಕಾರಣ ಜೋರಾಗಿ ಮಾತಾಡುತ್ತಿದ್ದರು. ಎದುರು ಮನೆಯವಳಿಗೂ ಕೇಳಿಸಿರಬೇಕು.

ಕಳೆದ ಸಲ ಕಂಪ್ಯೂಟರಿನ ಮೇಜು ಕಿಟಕಿಯ ಹತ್ತಿರ ಇತ್ತು. ಈಗ ಅದು ಕೋಣೆಯ ಈ ಮೂಲೆಗೆ, ರೌಟರಿನ ಪಕ್ಕಕ್ಕೇ ಬಂದಿತ್ತು. ನೆಲದ ಮೇಲೆ ಮೇಜಿನ ಕಾಲು ಎಳೆದ ನಾಲ್ಕು ಬಿಳಿ ಗೆರೆ ಕಾಣುತ್ತಿದ್ದವು. ಹತ್ತಿರ ಇದ್ದರೆ ಬಂದೀತು ಅಂತ ಒಬ್ಬರೇ ಎಳೆದಿದ್ದರು.

"ಮಗನ ಫೋನಲ್ಲಿ ಬರತ್ತೆ, ನನಗೆ ಬರಲ್ಲ. ಡಬ್ಬಿ ಒಂದೇ, ಮನೆ ಒಂದೇ. ಲೈನ್ ಕೆಟ್ಟಿದೆ, ಕಂಪನಿಯವರು ಬರ್ತಾರೆ ಅಂತ ದಿನಾ ಹೇಳ್ತಾನೆ. ವೈರು ತೆಗೆದು ಹಾಕಿದೆ. ಆರಿಸಿ ಹಚ್ಚಿದೆ. ಬಟ್ಟೇಲಿ ಒರೆಸಿದೆ. ಇನ್ನೇನು ಮಾಡಬೇಕು, ನೀನೇ ಹೇಳು."

ನಾನು ಮಾಡಿದ್ದೇನು ಗೊತ್ತೇ? ಅವರಿಗೆ ಬೆನ್ನು ಹಾಕಿ, ಅದೇ ಕೋಣೆಯಲ್ಲೇ ನಿಂತು, ಅವರ ಮಗನಿಗೆ ಫೋನ್ ಮಾಡಿದೆ. ಕೇಳದವರ ಎದುರಿಗೆ ಮರೆ ಯಾಕೆ ಅಂತ. ಮೊದಲು ಕೆಲಸ ಹೇಳಿದವನು ಅವನು; ಅವನನ್ನು ಕೇಳದೆ ಪಟ್ಟಿ ಮುಟ್ಟಬಾರದು ಅನ್ನುವುದು ನನ್ನ ರೀತಿ.

"ನಿಮ್ಮ ತಾಯಿ ಕರೆಸಿದ್ದಾರೆ. ನೆಟ್ ಬೇಕಂತೆ. ಏನು ಮಾಡಲಿ?"

ಆ ಕಡೆಯಿಂದ ಬಸ್ಸಿನ ಸದ್ದು ಕೇಳುತ್ತಿತ್ತು. "ಏನೂ ಮಾಡಬೇಡಿ, ಸರ್. ನಾನೇ ಬರ್ತಿದ್ದೀನಿ," ಅಂದ. ದನಿ ಒಡೆದಿತ್ತು. ಬೆಳಿಗ್ಗೆ ಅಂಗಡಿಗೆ ಹೋದವನು ಇಷ್ಟು ಬೇಗ ಯಾಕೆ ಬರುತ್ತಿದ್ದಾನೆ ಅಂತ ನಾನು ಕೇಳಲಿಲ್ಲ.

ಅವನು ಬರುವ ತನಕ ಹೊತ್ತು ಕಳೆಯಬೇಕಿತ್ತು. ನಾಟಕ ಶುರು ಮಾಡಿದೆ. ವೈರು ಕಿತ್ತೆ, ಊದಿದೆ, ಮತ್ತೆ ಸಿಕ್ಕಿಸಿದೆ. ಕಂಪ್ಯೂಟರಿನ ಹಿಂಬದಿ ಬಿಚ್ಚಿ ಟಾರ್ಚು ಬಿಟ್ಟು ನೋಡಿದೆ. ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನನ್ನ ಒಂದೊಂದು ಬೆರಳನ್ನೂ ನೋಡುತ್ತಿದ್ದರು. ಕೊನೆಗೆ ಪುಸ್ತಕದಲ್ಲಿ ಬರೆದೆ: "ಒಳಗಿನ ವೈಫೈ ಭಾಗ ಹೋಗಿದೆ. ತರಿಸಬೇಕು. ಹತ್ತು ದಿನ ಆಗುತ್ತದೆ."

ಓದಿದವರ ಮುಖ ಇಳಿದುಹೋಯಿತು.

"ಹತ್ತು ದಿನ ನನ್ನ ಹತ್ರ ಇಲ್ಲಪ್ಪ," ಅಂದರು. ಒಳಗೆ ಹೋಗಿ ಒಂದು ಹಸಿರು ಫೈಲು ತಂದು ನನ್ನ ತೊಡೆಯ ಮೇಲಿಟ್ಟರು. "ನನ್ನ ಮಗಳಿಗೆ ಲಿವರ್ ಹೋಗಿದೆ. ಬೇರೆ ಊರಲ್ಲಿ ಲೈಬ್ರರಿ ಕೆಲಸದಲ್ಲಿದ್ದಾಳೆ, ಅಲ್ಲೇ ಆಸ್ಪತ್ರೇಲಿದ್ದಾಳೆ. ನನ್ನದರಲ್ಲಿ ಒಂದು ತುಂಡು ತೆಗೆದು ಅವಳಿಗೆ ಹಾಕೋದು. ಅವಳ ತಮ್ಮಂದು ಹೊಂದಲಿಲ್ಲ, ನನ್ನದು ಹೊಂದಿದೆ. ಪರೀಕ್ಷೆ ಎಲ್ಲಾ ಆಗಿದೆ. ಒಂದೇ ಒಂದು ಬಾಕಿ. ಒಪ್ಪಿ ಕೊಡ್ತಿದ್ದೀನಾ, ಯಾರಾದ್ರೂ ಬಲವಂತ ಮಾಡಿದ್ದಾರಾ ಅಂತ ಡಾಕ್ಟರುಗಳು ಈ ಕಂಪ್ಯೂಟರಲ್ಲೇ ನನ್ನ ಮುಖ ನೋಡಿ ಕೇಳಬೇಕು. ಅವರು ಬರೆದು ಕೇಳ್ತಾರೆ, ನಾನು ಬಾಯಿಬಿಟ್ಟು ಹೇಳಬೇಕು. ಆ ದಿನ ಮುಂದಕ್ಕೆ ಹೋಯ್ತು ಅಂತ ಮಗ ಹೇಳ್ದ. ಎಷ್ಟು ಮುಂದಕ್ಕೆ? ಕೇಳಿದ್ರೆ ಮುಖ ತಿರುಗಿಸ್ತಾನೆ. ಅವಳ ಸುದ್ದಿ ಅವನ ಫೋನಿಂದಲೇ ತಿಳೀಬೇಕು, ಚೆನ್ನಾಗಿದ್ದಾಳೆ ಅಂತಾನೆ ಅಷ್ಟೇ."

ಫೈಲಿನಲ್ಲಿ ರಕ್ತದ ವರದಿ, ಹೊಟ್ಟೆಯ ಚಿತ್ರ, ಮೊಹರು, ಸಹಿ ಎಲ್ಲ ಇತ್ತು. ಆದರೂ ನನ್ನ ತಲೆಯಲ್ಲಿ ಮೋಸಗಾರರೇ ಕೂತಿದ್ದರು. ಮೊಹರು ಮಾಡಿಸುವುದು ಯಾವ ಮಹಾ ವಿದ್ಯೆ? ಅಮ್ಮ ಅಂತ ಕರೆದು ಮಗಳಾಗಿಬಿಡುವ ಮೋಸಗಾರರೂ ಇದ್ದಾರೆ. ಪೆನ್ನು ತೆಗೆದುಕೊಂಡು ಬರೆದೆ: "ಇವರನ್ನು ನೀವು ಕಣ್ಣಾರೆ ನೋಡಿದ್ದೀರಾ?"

ಅವರು ಒಮ್ಮೆ ಪುಸ್ತಕ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ನೋಡೋದೇನು ಬಂತು. ಹೆತ್ತಿದ್ದೀನಿ."

ಗೋಡೆಯ ಮೇಲಿನ ಫೋಟೋ ತೋರಿಸಿದರು. ಕನ್ನಡಕದ ಹುಡುಗಿ, ಪಕ್ಕದಲ್ಲಿ ನನ್ನನ್ನು ಕರೆಸಿದ್ದ ಹುಡುಗ, ಅಕ್ಕನ ಹೆಗಲ ಮೇಲೆ ಗದ್ದ ಊರಿ ಹಲ್ಲು ಕಿರಿಯುತ್ತಿದ್ದ. ಹುಡುಗಿಯ ಹಣೆ, ಮೂಗು, ಎಲ್ಲ ಈ ತಾಯಿಯದೇ ಅಚ್ಚು.  

ಮತ್ತೆ ಮಗನಿಗೆ ಫೋನ್ ಮಾಡಲಿಲ್ಲ. ನನ್ನ ಲ್ಯಾಪ್‌ಟಾಪ್ ತೆಗೆದು ರೌಟರಿನ ಒಳಪುಟ ತೆರೆದೆ. ತಡೆದವರ ಪಟ್ಟಿಯಲ್ಲಿ ಒಂದೇ ಒಂದು ಸಾಲು, ಎದುರಿಗೊಂದು ಕೆಂಪು ಗುರುತು. ಅವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ನೋಡಬಾರದು ಅಂತ ಮರೆ ಮಾಡಲು ಹೋದೆ, ಆಗಲೇ ಓದಿಬಿಟ್ಟಿದ್ದರು.

"ಅಮ್ಮ ಅಂತಿದೆಯಲ್ಲ. ಯಾರಿದು, ನಾನಾ? ಕೆಂಪು ಯಾಕಿದೆ?"

ಪುಸ್ತಕ ಎಳೆದುಕೊಂಡೆ. ಬರೆದೆ: "ನಿಮ್ಮ ನೆಟ್ ಕೆಟ್ಟಿಲ್ಲ. ನಾನೇ ನಿಲ್ಲಿಸಿದ್ದು. ನಿಮ್ಮ ಮಗ ಹೇಳಿದರು. ಯಾರೋ ಮೋಸಗಾರರು ಅಂದರು. ನನಗೆ ಗೊತ್ತಿರಲಿಲ್ಲ. ತಪ್ಪಾಯಿತು."

ಎರಡು ಸಲ ಓದಿದರು. ಎರಡನೆಯ ಸಲ ಬೆರಳಿಟ್ಟು ಓದಿದರು. ಬೈದಿದ್ದರೆ, ಕೆನ್ನೆಗೆ ಬಿಗಿದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

"ತೆಗಿ," ಅಂದರು ಅಷ್ಟೇ.

ಒಂದು ಗುಂಡಿ ಒತ್ತುವ ಕೆಲಸ. ಒತ್ತಿದೆ. ಒಂದು ನಿಮಿಷವೂ ಆಗಲಿಲ್ಲ, ಅವರ ಕಂಪ್ಯೂಟರಿನಲ್ಲಿ ಹತ್ತೊಂಬತ್ತು ದಿನದ ಮಾತು ಒಂದರ ಮೇಲೊಂದು ಬಂದು ಬೀಳತೊಡಗಿತು. ಅವರು ಕುರ್ಚಿ ಎಳೆದುಕೊಂಡು ಕೂತರು. ಓದುವಾಗ ಬಾಯಿಬಿಟ್ಟು ಓದುವ ಅಭ್ಯಾಸ ಅವರಿಗೆ. ಬೇಡ ಅಂದರೂ ನನಗೆ ಎಲ್ಲ ಕೇಳಿಸಿತು.

"ಅಮ್ಮ, ನಾಳೆ ಹನ್ನೊಂದಕ್ಕೆ ಡಾಕ್ಟರುಗಳು ನಿನ್ನನ್ನ ಮಾತಾಡಿಸ್ತಾರೆ. ದೀಪ ಹಾಕ್ಕೊಂಡು ಕೂತ್ಕೋ, ಮುಖ ಕಾಣಲಿ."

"ಅಮ್ಮ, ಎಲ್ಲಿದ್ದೀಯ? ಎಲ್ಲರೂ ಕಾಯ್ತಿದ್ದಾರೆ."

"ಅರ್ಧ ಗಂಟೆ ಕಾದ್ರು ಅಮ್ಮ. ಈಗ ಎದ್ದು ಹೋದ್ರು."

ಆಮೇಲೆ ಆಸ್ಪತ್ರೆಯ ಪತ್ರ. ಅದನ್ನು ಅವರು ನಿಧಾನವಾಗಿ, ತಡವರಿಸುತ್ತ ಓದಿದರು. ಕೊಡುವವರು ಹಾಜರಾಗಲಿಲ್ಲ. ಹಾಜರಾಗದೆ ಇರುವುದನ್ನು ಒಪ್ಪಿಗೆ ಇಲ್ಲ ಎಂದೇ ತಿಳಿಯುವುದು ನಮ್ಮ ನಿಯಮ. ಕೊಡುವವರ ಮೇಲೆ ಒತ್ತಡ ಬೀಳಬಾರದೆಂದು ಕಾರಣ ಕೇಳುವುದಿಲ್ಲ. ಪತ್ರಕ್ಕೆ ಹದಿನೈದು ದಿನವಾಗಿತ್ತು.

ಅದರ ಕೆಳಗೆ ಮತ್ತೆ ಮಗಳು.

"ತಮ್ಮ ಹೇಳ್ದ. ನಿನಗೆ ಭಯ ಆಗಿದೆಯಂತೆ, ಊಟ ಬಿಟ್ಟಿದ್ದೀಯಂತೆ. ಅಪ್ಪ ಆಪರೇಷನ್ನಿಗೆ ಅಂತ ಒಳಗೆ ಹೋಗಿ ಹಾಗಾದ ಮೇಲೆ ಭಯ ಆಗದೆ ಇರತ್ತಾ. ಪರವಾಗಿಲ್ಲ ಅಮ್ಮ."

"ನೀನೇ ಒಂದು ಮಾತು ಬರೆದಿದ್ರೆ ಚೆನ್ನಾಗಿತ್ತು. ಬೇಡ ಅಂತಲೇ ಬರಿ. ಬೇಜಾರು ಮಾಡ್ಕೊಳ್ಳಲ್ಲ."

"ಅದರ ವಿಷಯ ಬೇಡ ಬಿಡು. ಸುಮ್ನೆ ಏನಾದ್ರೂ ಬರಿ. ಏನು ಅಡುಗೆ ಮಾಡಿದೆ ಅಂತ ಬರಿ."

ಹೀಗೆ ಇನ್ನೂ ಎಷ್ಟೋ. ಬರಬರುತ್ತ ಚಿಕ್ಕವಾಗುತ್ತ ಹೋದವು. ಕೊನೆಯದು ಮೂರು ದಿನದ ಹಿಂದಿನದು: "ಅಮ್ಮ, ಬೆರಳು ಓಡ್ತಿಲ್ಲ. ನಿನ್ನ ಮೇಲೆ ಕೋಪ ಇಲ್ಲ."

ಅವರು ಅಳಲಿಲ್ಲ. ಅಳಲು ಪುರುಸೊತ್ತಿರಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು: "ಮಗಳೇ ನೆಟ್ ಇರಲಿಲ್ಲ. ನಾನು ಬೇಡ ಅಂದಿಲ್ಲ. ಕೊಡ್ತೀನಿ. ಈಗ ಹೊರಟೆ. ಸಂಜೆಗೆ ಬರ್ತೀನಿ." ಕಳಿಸಿ ಎದ್ದರು. ಬೀರುವಿನಿಂದ ಚೀಲ ತೆಗೆದು ಎರಡು ಜೊತೆ ಬಟ್ಟೆ, ಟವೆಲ್ಲು, ಹಸಿರು ಫೈಲು ತುಂಬಿದರು.

"ನಿನ್ನ ಗಾಡೀಲಿ ಬಸ್ ಸ್ಟ್ಯಾಂಡಿಗೆ ಬಿಡ್ತೀಯೇನಪ್ಪ?"

ತಲೆಯಾಡಿಸಿದೆ. ಬಸ್ ಸ್ಟ್ಯಾಂಡು ಯಾಕೆ, ಆ ಊರಿನ ತನಕ ಬಿಡು ಅಂದಿದ್ದರೂ ಬಿಡುತ್ತಿದ್ದೆ. ಹದಿನೈದು ದಿನ ಹೋದರೇನಂತೆ, ಇನ್ನೂ ಸಮಯ ಇದ್ದೀತು, ಡಾಕ್ಟರುಗಳ ಕಾಲು ಹಿಡಿದರಾಯಿತು ಅಂತ ನನಗೆ ನಾನೇ ಧೈರ್ಯ ಹೇಳಿಕೊಳ್ಳುತ್ತಿದ್ದೆ. ಮಗಳಿಗೆ ಕಳಿಸಿದ ಮಾತಿನ ಪಕ್ಕ, ಓದಿದ ಗುರುತು ಬಿದ್ದಿರಲಿಲ್ಲ.

ಅಷ್ಟರಲ್ಲಿ ಬೀಗದ ಕೈ ತಿರುಗಿದ ಸದ್ದಾಯಿತು. ಮಗ ಒಳಗೆ ಬಂದ. ತಾಯಿಯ ಕೈಯಲ್ಲಿದ್ದ ಚೀಲ ನೋಡಿದ, ಕಂಪ್ಯೂಟರ್ ನೋಡಿದ, ಆಮೇಲೆ ನನ್ನನ್ನು ನೋಡಿದ.

"ಏನೂ ಮಾಡಬೇಡಿ ಅಂದಿದ್ನಲ್ಲ ಸರ್."

ನನಗೆ ಮೈಯೆಲ್ಲ ಉರಿದುಹೋಯಿತು. "ಮೋಸಗಾರರು ಅಂದೆಯಲ್ಲೋ. ಸ್ವಂತ ಅಕ್ಕನ್ನ ಮೋಸಗಾರರು ಅಂದೆಯಲ್ಲೋ. ನನ್ನ ಕೈಲಿ ಎಂಥ ಕೆಲಸ ಮಾಡಿಸಿದೆ. ನಿನಗೆ ಮನುಷ್ಯತ್ವ ಇದೆಯಾ?"

"ಅಪ್ಪನೂ ಸಣ್ಣ ಆಪರೇಷನ್ ಅಂತಲೇ ಒಳಗೆ ಹೋಗಿದ್ದು," ಅಂದ. ಗೋಡೆಗೆ ಒರಗಿ ನಿಂತಿದ್ದ. "ನಗ್ತಾ ಹೋದ್ರು. ಅಕ್ಕ ಉಳಿಯೋದು ಅರ್ಧಕ್ಕರ್ಧ ಅಂದಿದ್ರು ಡಾಕ್ಟರು. ಇಬ್ಬರನ್ನೂ ಒಂದೇ ದಿನ ಒಳಗೆ ಕಳಿಸಿ ನಾನೊಬ್ಬನೇ ಆ ಬೆಂಚಿನ ಮೇಲೆ ಹೇಗೆ ಕೂತ್ಕೊಳ್ಳಲಿ? ಒಬ್ಬಳಾದ್ರೂ ಇರಲಿ ಅಂದ್ಕೊಂಡೆ."

ನಾವಿಬ್ಬರೂ ಆ ತಾಯಿಯ ಅತ್ತಿತ್ತ ನಿಂತು ಕಿರುಚಾಡುತ್ತಿದ್ದೆವು. ಅವರು ಒಮ್ಮೆ ನನ್ನ ಬಾಯಿ, ಒಮ್ಮೆ ಮಗನ ಬಾಯಿ ನೋಡುತ್ತಿದ್ದರು. "ಆಮೇಲೆ ಜಗಳ ಆಡಿ, ಬಸ್ಸು ಹೋಗತ್ತೆ," ಅಂದರು.

ಮಗ ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡ. ಕೈಯೊಳಗಿನಿಂದಲೇ ಹೇಳಿದ: "ಹತ್ತು ಗಂಟೆಗೆ ಅಂಗಡಿಗೆ ಫೋನ್ ಬಂತು ಸರ್. ಅಕ್ಕ ಹೋದಳು. ಬೆಳಿಗ್ಗೆ ಏಳೂ ಮುಕ್ಕಾಲಿಗೇ ಹೋದಳಂತೆ."

ನಾನು ಕೈಯಲ್ಲಿ ಹಿಡಿದಿದ್ದ ಗಾಡಿಯ ಕೀ ಮೇಜಿನ ಮೇಲಿಟ್ಟೆ.

"ಏನಂದ?" ತಾಯಿ ನನ್ನ ಕಡೆ ತಿರುಗಿದರು. "ಮುಖ ಮುಚ್ಕೊಂಡಿದ್ದಾನೆ, ನನಗೆ ತಿಳೀಲಿಲ್ಲ. ಬರಿ."

"ಬೇಡ ಸರ್," ಅಂದ ಮಗ. "ಬರೀಬೇಡಿ. ನಾನು ಹೇಳ್ತೀನಿ. ಸ್ವಲ್ಪ ಹೊತ್ತು ಬಿಟ್ಟು ಹೇಳ್ತೀನಿ."

ತಾಯಿ ಪುಸ್ತಕ ತೆರೆದು, ಖಾಲಿ ಹಾಳೆ ತಿರುವಿ ನನ್ನ ಕೈಗೆ ಕೊಟ್ಟರು. ಈ ಹುಡುಗನ ಮಾತು ಕೇಳಿ ಒಮ್ಮೆ ಕೆಟ್ಟದ್ದು ಸಾಕು ಅನ್ನಿಸಿತು. ಬರೆದೆ. "ನಿಮ್ಮ ಮಗಳು ಇವತ್ತು ಬೆಳಿಗ್ಗೆ ತೀರಿಕೊಂಡರು." ಇಷ್ಟು ಬರೆಯಲು ಬಹಳ ಹೊತ್ತು ಹಿಡಿಯಿತು. ಪೆನ್ನು ಹಾಳೆಗೆ ಅಂಟಿಕೊಂಡ ಹಾಗಿತ್ತು.

ಅವರು ಓದಿದರು. ಚೀಲವನ್ನು ಕೆಳಗಿಡಲಿಲ್ಲ. ಹಾಗೇ ಹಿಡಿದುಕೊಂಡು ಕಂಪ್ಯೂಟರಿನ ಹತ್ತಿರ ಹೋಗಿ, ಬಗ್ಗಿ, ತಾವು ಕಳಿಸಿದ ಮಾತನ್ನು ನೋಡಿದರು. ಅದರ ಮೇಲಿದ್ದ ಮಗಳ ಮಾತುಗಳನ್ನು ಕೆಳಗಿನಿಂದ ಮೇಲಕ್ಕೆ ಮತ್ತೊಮ್ಮೆ ನೋಡಿದರು. ಈ ಸಲ ಬಾಯಿಬಿಟ್ಟು ಓದಲಿಲ್ಲ.

ಆಮೇಲೆ ಮಗನ ಕಡೆ ತಿರುಗಿ, ಎಂದಿನ ಹಾಗೆ ಜೋರು ದನಿಯಲ್ಲಿ ಕೇಳಿದರು: "ನಾನು ಬೇಡ ಅಂದೆ ಅಂತಲೇ ತಿಳ್ಕೊಂಡು ಹೋದ್ಲಾ?"

ಎದುರು ಮನೆಯ ಬಾಗಿಲು ತೆಗೆದ ಸದ್ದಾಯಿತು. ಮಗ ಗೋಡೆಗೆ ಬೆನ್ನು ಜಾರಿಸುತ್ತ ನೆಲಕ್ಕೆ ಕುಸಿದ. ಮುಖದಿಂದ ಕೈ ತೆಗೆಯಲಿಲ್ಲ.

"ಅವನು ಹೇಳಲ್ಲ," ಅಂದರು ಅವರು. ನನ್ನ ಎದುರಿಗೆ ಬಂದು ನಿಂತರು. "ನೀನು ಬರಿ."

ಇಲ್ಲ ಅಂತ ಬರೆದುಬಿಡೋಣ ಅನ್ನಿಸಿತು. ಕೊನೆಗಳಿಗೆಯಲ್ಲಿ ಯಾರೋ ಅವಳಿಗೆ ನಿಜ ಹೇಳಿದರಂತೆ, ನಗುತ್ತಾ ಹೋದಳಂತೆ ಅಂತ ಎರಡು ಸಾಲು ಕಟ್ಟುವುದು ನನಗೇನೂ ಕಷ್ಟವಿರಲಿಲ್ಲ. ಅದೇ ಪುಸ್ತಕದಲ್ಲಿ ಒಂದು ಗಂಟೆಯ ಹಿಂದೆ ಸಲೀಸಾಗಿ ಸುಳ್ಳು ಬರೆದಿದ್ದೆ. ಆದರೆ ಅವರು ನನ್ನ ಕೈಯನ್ನು ನೋಡುತ್ತಿರಲಿಲ್ಲ, ಮುಖವನ್ನೇ ನೋಡುತ್ತಿದ್ದರು. ನಾನು "ಹೌದು" ಅಂತ ಬರೆದು ಪುಸ್ತಕವನ್ನು ಅವರ ಕಡೆ ತಿರುಗಿಸಿದೆ.